ಗಂಟೆ ಹೊಡೆಯದ ಮನಸ್ಸು

ಗುಜರಿಯಿಂದ ತಂದು ತಾನೇ ಬಿಚ್ಚಿ ಜೋಡಿಸಿದ ರೈಲ್ವೆ ಸ್ಟೇಶನ್ನಿನ ಹಳೆಯ ತೂಕದ ಯಂತ್ರಕ್ಕೆ ಪಂಚಾಕ್ಷರಿ ಮಲ್ಲಿಗೆ ಮಾಲೆ ಹಾಕಿ, ಅಂಗಳದಲ್ಲಿ ಸೇರಿದ್ದ ಓಣಿಯ ಜನರಿಗೆ ಕೈಮುಗಿದ. ಕೆಂಪು ಹಸಿರು ದೀಪಗಳು ಮಿನುಗಿದವು. ಒಳಗಿನ ಚಕ್ರ ಗರಗರ ತಿರುಗಿತು.

"ಇದು ತೂಕ ಹೇಳೂದಿಲ್ಲ. ಮ್ಯಾಲೆ ನಿಂತ್ರ ಅಂಗಾಲಿನಿಂದ ಮನಸ್ಸಿನ ಓಟ ಹಿಡಿತೈತಿ. ಮನಸ್ಸು ಎಲ್ಲಾರ್ಹಂಗ ಇದ್ರ ಚೀಟಿ. ಇಲ್ಲಂದ್ರ ಗಂಟಿ. ಇನ್ನ ದವಾಖಾನಿಗೆ ಹೋಗೂ ಕೆಲಸನ ಇಲ್ಲ!"

ಕೊನೆಯ ಮಾತು ಅವನ ಅತ್ತಿಗೆ ಕಸ್ತೂರಿಗೆ ನಾಟಿತು. ಮಗಳು ಮುಕ್ತಾಳ ಪರೀಕ್ಷೆಗೆ ಮರುದಿನವೇ ಆಸ್ಪತ್ರೆಯ ಮನಶ್ಶಾಸ್ತ್ರಜ್ಞರು ಸಮಯ ಕೊಟ್ಟಿದ್ದರು. ದೊಡ್ಡ ದೊಡ್ಡ ಗುಣಾಕಾರಗಳನ್ನು ಬಾಯಲ್ಲೇ ಮಾಡುವ ಹುಡುಗಿ, ಬೋರ್ಡಿನ ಒಂದು ಸಾಲು ಬರೆದುಕೊಳ್ಳುವಷ್ಟರಲ್ಲಿ ಕಿಟಕಿಯಾಚೆ ಹೊರಟುಹೋಗುತ್ತಿದ್ದಳು. ಯಾಕೆ ಹೀಗೆ, ಅವಳಿಗೆ ಹೇಗೆ ಕಲಿಸಬೇಕು, ಇಷ್ಟು ತಿಳಿದರೆ ಕಸ್ತೂರಿಗೆ ಸಾಕಿತ್ತು. ಅತ್ತೆ ನೀಲವ್ವನದು ಬೇರೆಯೇ ಹಟ.

"ನಮ್ಮ ಮನಿತನದಾಗ ಯಾರೂ ಅಂಥಾ ದವಾಖಾನಿ ಮೆಟ್ಟಲಾ ಹತ್ತಿಲ್ಲ. ಇವತ್ತ ಚೀಟಿ ಬಂತೋ, ನಾಳೆ ಹೋಗೂದು ಬಂದ್."

ಮೊದಲು ನಿಂತವರು ನಿವೃತ್ತ ಹೆಡ್‌ಮಾಸ್ತರ್ ಬಳಿಗಾರ. ಗಂಟೆ ಠಣಠಣ ಹೊಡೆಯಿತು.

"ಇಡೀ ಊರಿಗೆ ಪಾಠ ಹೇಳೇನಿ. ನನ್ನ ತಲಿ ಸರಿ ಇಲ್ಲಂತೀಯೇನೋ?"

"ನಾ ಅಲ್ರೀ ಸರ, ಯಂತ್ರ."

ಟೇಲರ್ ಶಾಂತಪ್ಪನಿಗೂ ಗಂಟೆ. ನೀಲವ್ವ ನಿಂತಾಗ ಗಂಟೆಯ ಜತೆ ಸ್ವಲ್ಪ ಹೊಗೆಯೂ ಬಂತು. ಆಮೇಲೆ ಮುಕ್ತಾ ಒಂಟಿಗಾಲಲ್ಲಿ ಹತ್ತಿ ನಿಂತಳು. ಯಂತ್ರ ಸುಮ್ಮನಿತ್ತು. ಚೀಟಿ ಬಂತು: ‘ಎಲ್ಲರ ಹಾಗಿದ್ದಾರೆ.’

"ನೋಡಿದೇನ?" ಎಂದಳು ನೀಲವ್ವ, ತನ್ನ ಹೊಗೆಯನ್ನು ಮರೆತು.

ಕಸ್ತೂರಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ನಿಂತವರೆಲ್ಲ ಬೇರೆ, ಇವಳೊಬ್ಬಳೇ ಎಲ್ಲರ ಹಾಗೆ ಎಂದರೆ, ಆ ಎಲ್ಲರು ಯಾರು?

"ಪಂಚಣ್ಣಾ, ಯಾರನ್ನ ನಿಲ್ಲಿಸಿ ಇದಕ್ಕ ಅಳತಿ ಕಲಿಸೀರಿ?"

"ಆ ಹೊತ್ತಿಗೆ ಯಾರೂ ಸಿಗಲಿಲ್ಲ ವೈನಿ. ನಾನ ನಿಂತಿದ್ದೆ."

ಅಂಗಳ ಗೊಳ್ಳೆಂದಿತು. ಹೆಣ್ಣು ನೋಡಲು ಹೋದಲ್ಲಿ ಅವರ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತು, ಹುಡುಗಿ ಚಹಾ ತಂದದ್ದನ್ನೇ ಗಮನಿಸದ ಮಹಾನುಭಾವ ಅವನು. ಕಸ್ತೂರಿ ಮಾತ್ರ ನಗಲಿಲ್ಲ. ಮಗಳನ್ನೊಮ್ಮೆ, ಮೈದುನನನ್ನೊಮ್ಮೆ ನೋಡಿದಳು.

ಪಂಚಾಕ್ಷರಿ ರೇಗಿದ. ಓಣಿಯವರನ್ನೆಲ್ಲ ಒಬ್ಬೊಬ್ಬರಾಗಿ ಹತ್ತಿಸಿ, ಎಲ್ಲ ಮನಸ್ಸುಗಳ ಸರಾಸರಿಯನ್ನು ಯಂತ್ರಕ್ಕೆ ತುಂಬಿದ. ಅದು ಒಮ್ಮೆ ಬಿಕ್ಕಳಿಸಿ, ಯಾರೂ ನಿಂತಿರದಿದ್ದರೂ ಗಂಟೆ ಬಾರಿಸತೊಡಗಿತು. ಪ್ಲಗ್ ಕಿತ್ತರೂ ನಿಲ್ಲಲಿಲ್ಲ; ಒಳಗೆ ಬ್ಯಾಟರಿ ಇತ್ತು.

"ಆ ಸರಾಸರಿ ಮನಶ್ಯಾನ್ನ ಹುಡುಕಾಕ ಹತ್ತೇತಿ," ಕಿವಿ ಮುಚ್ಚಿಕೊಂಡು ಕೂಗಿದ ಪಂಚಾಕ್ಷರಿ. "ಅಂವಾ ಬಂದು ನಿಂತ್ರ ಸುಮ್ನಾಗ್ತೈತಿ!"

ಸುಲಭದ ಕೆಲಸವೆನಿಸಿತು, ಅಲ್ಲಿ ಪ್ರತಿಯೊಬ್ಬರೂ ಅದು ತಾವೇ ಎಂದು ತಿಳಿದಿದ್ದರು. ಮಾಸ್ತರರು ಉಸಿರು ಬಿಗಿಹಿಡಿದು ನಿಂತರು. ಶಾಂತಪ್ಪ ಕಣ್ಣು ಮುಚ್ಚಿ ನಿಂತ. ನೀಲವ್ವ ಶಿವಶಿವಾ ಎನ್ನುತ್ತ ನಿಂತಳು. ಗಂಟೆ ಇನ್ನೂ ಜೋರಾಯಿತು. ಹೆಂಚಿನ ಮೇಲಿನ ಪಾರಿವಾಳಗಳು ಊರನ್ನೇ ಬಿಟ್ಟವು.

ಅಷ್ಟರಲ್ಲಿ ಗೌಳಿ ಈರಣ್ಣನ ಎಮ್ಮೆ ಗೇಟು ದೂಡಿಕೊಂಡು ಬಂದು, ಮಲ್ಲಿಗೆ ಮಾಲೆ ತಿನ್ನಲು ಮುಂಗಾಲೆರಡನ್ನೂ ಯಂತ್ರದ ಮೇಲಿಟ್ಟಿತು.

ಗಂಟೆ ನಿಂತಿತು. ಚೀಟಿ ಬಂತು. ಮುಕ್ತಾ ಗಟ್ಟಿಯಾಗಿ ಓದಿದಳು: "ಎಲ್ಲರ ಹಾಗಿದ್ದಾರೆ."

ಎಮ್ಮೆ ಮಾಲೆ ಮೆಲ್ಲುತ್ತಿತ್ತು. ನೀಲವ್ವ ಅದನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು.

"ಕಸ್ತೂರಿ, ನಾಳೆ ಎಷ್ಟಕ್ಕ ಹೋಗೂದು?"

"ಹತ್ತಕ್ಕ ಅತ್ತಿ."

"ಬುತ್ತಿ ನಾ ಕಟ್ತೀನಿ."

ಪಂಚಾಕ್ಷರಿ ಸ್ಕ್ರೂಡ್ರೈವರ್ ತಿರುವುತ್ತ ಹತ್ತಿರ ಬಂದ. "ವೈನಿ, ಅಲ್ಲೆ ದೊಡ್ಡವರಿಗೂ ಪರೀಕ್ಷಾ ಮಾಡ್ತಾರೇನು? ನಾ ಸಣ್ಣಾಂವ ಇದ್ದಾಗ ಬರೇ ಕಿವಿ ಹಿಂಡಿದ್ರು."

"ಮಾಡ್ತಾರ. ನಡೀರಿ," ಎಂದಳು ಕಸ್ತೂರಿ. ಎಷ್ಟೋ ದಿನಗಳ ಮೇಲೆ ಅವಳ ಎದೆ ಹಗುರಾಗಿತ್ತು.

"ಕಾಕಾ, ನನ್ನ ಬಾಜೂಕ ಕೂಡು," ಎಂದಳು ಮುಕ್ತಾ. "ಬ್ಯಾಸರ ಆದ್ರ ಇಬ್ರೂ ಕೂಡಿ ಕಿಟಕಿ ನೋಡೂಣು."

ಆ ಚೀಟಿಯನ್ನು ಈರಣ್ಣ ಎಮ್ಮೆಯ ಕೊರಳಿಗೆ ಕಟ್ಟಿದ್ದಾನೆ. ಹಾಲು ನೀರಾಗಿದೆ ಎಂದು ಯಾರಾದರೂ ದೂರಿದರೆ, "ಎಮ್ಮೀ ಚೀಟಿ ಇಲ್ಲೈತಿ, ನಿಮ್ಮದ ತೋರಸ್ರಿ," ಎನ್ನುತ್ತಾನೆ.