ಎಮ್ಮೆಯ ವಂಶದ ಬಸ್ಸು

ಕಂಪ್ಯೂಟರ್ ಕಲಿಸುವವರು ನಗುವುದಕ್ಕೆ ಬೇರೆಲ್ಲಿಗೂ ಹೋಗಬೇಕಿಲ್ಲ, ರೋಣದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಕೂತರೆ ಸಾಕು. ಈ ವರ್ಷ ಮಾತ್ರ ನಗುವಿನ ಜೊತೆಗೆ ಹೆದರಿಕೆಯೂ ಇತ್ತು. ವಿದ್ಯಾರ್ಥಿಗಳು ಒಂದು ಗೇಮ್ ಮಾಡಿ ತೋರಿಸದಿದ್ದರೆ ಲ್ಯಾಬಿನ ಕೋಣೆಯನ್ನು ಚೆಂಡು, ಬ್ಯಾಟು ಇಡಲು ಕೊಡುತ್ತೇನೆ ಎಂದು ಪ್ರಾಂಶುಪಾಲರು ಹೇಳಿಬಿಟ್ಟಿದ್ದರು.

ಗೇಮ್ ಸರಳ. ರೋಣದ ಬಸ್ ನಿಲ್ದಾಣದಲ್ಲಿ ಜನರನ್ನು ಗದಗಿನ ಬಸ್ಸಿಗೆ ಹತ್ತಿಸಬೇಕು. ದಾರಿಗೆ ಅಡ್ಡ ಒಂದು ಎಮ್ಮೆ.

೧. ತಾಯಿಯ ಗುಣ

ಇನ್‌ಹೆರಿಟೆನ್ಸ್ ಎಂದರೆ ಹೆತ್ತವರ ಗುಣ ಮಕ್ಕಳಿಗೆ ಬರುವುದು ಎಂದು ಪಾಠ ಮಾಡಿದ್ದೆ. ಗಜೇಂದ್ರಗಡದ ನೇಕಾರರ ಮನೆಯ ಹುಡುಗಿಯೊಬ್ಬಳು ಮೊದಲು ಎಮ್ಮೆಯ ಪ್ರೋಗ್ರಾಂ ಬರೆದು ಮುಗಿಸಿದಳು. ಅದಕ್ಕೆ ಹೇಗೂ ನಡೆಯಲು ಬರುತ್ತದೆ, ಮತ್ತೆ ಯಾಕೆ ಬರೆಯಬೇಕು ಎಂದು ಬಸ್ಸನ್ನು ಎಮ್ಮೆಯ ಮಗಳನ್ನಾಗಿ ಮಾಡಿದಳು. ಬಸ್ಸೇನೋ ಹೊರಟಿತು. ಹಾರ್ನ್ ಒತ್ತಿದರೆ ಎಮ್ಮೆಯಂತೆ ಒದರಿತು. ಸ್ವಲ್ಪ ಮುಂದೆ ಹೋಗಿ ಸಗಣಿ ಹಾಕಿತು.

"ಇದೇನವಾ ಇದು?" ಅಂದೆ.

"ತಾಯಿ ಗುಣಾ ಅಲ್ರಿ ಮೇಡಂ, ಎಲ್ಲಿ ಹೊಕ್ಕೈತ್ರಿ?" ಅಂದಳು.

೨. ಕೊಟ್ಟ ಮಾತು

ಇಂಟರ್‌ಫೇಸ್ ಎಂದರೆ ಈ ಕೆಲಸ ಮಾಡುತ್ತೇನೆ ಎಂದು ಕೊಡುವ ಮಾತು. ನಮ್ಮ ಗೇಮಿನ ಕಂಡಕ್ಟರ್ ಟಿಕೆಟ್ ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದ. ಹೇಗೆ ಕೊಡಬೇಕೆಂದು ಬರೆಯುವ ಜಾಗವನ್ನು ಹುಡುಗಿ ಖಾಲಿ ಬಿಟ್ಟಿದ್ದಳು. ಕಂಪ್ಯೂಟರ್ ತಕರಾರು ಮಾಡದೆ ಒಪ್ಪಿತು, ಕಂಡಕ್ಟರ್ ಕೈಕಟ್ಟಿ ನಿಂತ.

"ಬರೇ ಮಾತು ಕೊಟ್ಟಾನ, ಕೆಲಸಿಲ್ಲ," ಎಂದು ನಾನು ವಿವರಿಸುತ್ತಿದ್ದೆ. ಅಷ್ಟರಲ್ಲಿ ಪ್ರಾಂಶುಪಾಲರು ಬಾಗಿಲಿಗೆ ಬಂದರು. ಹುಡುಗಿ ನೋಡಲಿಲ್ಲ.

"ಹಂಗಾರ ಪ್ರಿನ್ಸಿಪಾಲ್ ಸರ್ ಲ್ಯಾಬಿಗೆ ಫ್ಯಾನ್ ಹಾಕಸ್ತೀನಿ ಅಂದಾರಲ್ರಿ, ಅದೂ ಇಂಟರ್‌ಫೇಸೇನ್ರಿ?"

ಬಾಗಿಲಲ್ಲಿ ಕೆಮ್ಮು ಕೇಳಿಸಿತು. "ಶನಿವಾರ ಬಂದು ಗೇಮ್ ನೋಡ್ತೀನಿ," ಎಂದು ಅವರು ಹೊರಟೇಹೋದರು. ಕೋಣೆ ಕೈತಪ್ಪಿತು ಅಂದುಕೊಂಡೆ.

೩. ಸೀಟು

ಬಸ್ಸನ್ನು ಎಮ್ಮೆಯ ವಂಶದಿಂದ ಬಿಡಿಸಿದೆವು. ನಡಿಗೆ, ಸದ್ದು, ಸೀಟು ಎಲ್ಲವನ್ನೂ ಬಿಡಿ ಭಾಗ ಮಾಡಿ, ಯಾರಿಗೆ ಯಾವುದು ಬೇಕೋ ಅದನ್ನು ಜೋಡಿಸಿದೆವು. ಗೇಮ್ ಮಾಡುವವರು ಇದನ್ನು ಕಾಂಪೊನೆಂಟ್ ಅನ್ನುತ್ತಾರೆ. "ನಮ್ಮನ್ಯಾಗ ಸೀರಿಗೆ ಸೆರಗ ಜೋಡಿಸಿದಂಗ್ರಿ," ಎಂದು ಹುಡುಗಿಗೆ ಖುಷಿಯೋ ಖುಷಿ. ಸೀಟು ಯಾರಿಗಿದೆಯೋ ಅವರು 'ಕೂರಿಸಿಕೊಳ್ಳುತ್ತೇನೆ' ಎಂದು ಮಾತು ಕೊಟ್ಟ ಹಾಗೆ, ಪ್ರಯಾಣಿಕರು ಅಲ್ಲಿಗೇ ಹೋಗಿ ಕೂರುತ್ತಾರೆ.

ಶನಿವಾರ ಪ್ರಾಂಶುಪಾಲರು ಕುರ್ಚಿ ಎಳೆದುಕೊಂಡು ಕೂತರು. ಗೇಮಿನಲ್ಲಿ ಜನ ಬಂದರು, ಬಸ್ಸನ್ನು ದಾಟಿ ಓಡಿದರು, ಎಮ್ಮೆ ಹತ್ತಿ ಕೂತರು! ಸರಿಯಾಗಿದೆಯೋ ನೋಡಲು ಎಮ್ಮೆಗೆ ಜೋಡಿಸಿದ್ದ ಸೀಟನ್ನು ಹುಡುಗಿ ತೆಗೆದು ಬಸ್ಸಿಗೆ ಹಾಕುವುದನ್ನೇ ಮರೆತಿದ್ದಳು. ಈಗ ಕೆಲಸ ಕಲಿತಿದ್ದ ಕಂಡಕ್ಟರ್ ಎಮ್ಮೆಯ ಮೇಲೆ ಎಲ್ಲರಿಗೂ ಟಿಕೆಟ್ ಕೊಟ್ಟ. ಎಮ್ಮೆ ಗದಗಿಗೆ ಹೊರಟಿತು. ಬಸ್ಸು ಖಾಲಿ ನಿಂತು ಹಾರ್ನ್ ಹೊಡೆಯಿತು.

ದಿನಾ ತಮ್ಮೂರು ಸವಡಿಯಲ್ಲಿ ಬಸ್ಸಿಗೆ ಕಾದು ಕಾದು ಬರುವ ಪ್ರಾಂಶುಪಾಲರು ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಮೇಡಂ, ಈ ಎಮ್ಮಿ ಸವಡಿಗೂ ಬಿಡ್ರಿ. ಟೈಮಿಗೆ ಸರಿಯಾಗಿ ಹೊಂಟೈತಿ!"

ನಕ್ಕು ನಕ್ಕು ಕಣ್ಣು ಒರೆಸಿಕೊಂಡರು. "ಕೋಣಿ ನಿಮಗ ಇರಲಿ. ಸೋಮವಾರ ಫ್ಯಾನೂ ಹಾಕಸ್ತೀನಿ."

ಇಡೀ ಲ್ಯಾಬು ಒಂದೇ ದನಿಯಲ್ಲಿ ಕೇಳಿತು:

"ಇಂಟರ್‌ಫೇಸೇನ್ರಿ ಸರ್?"