ತಾನಾಗಿ ಬೆಳೆದ ಸ್ವೆಟರ್

"ಎರಡೇ ತಿಂಗಳು! ಐದು ಹೆಣಿಗೆ! ಹೊಸ ಉಣ್ಣೆ ಅಂತ ಒಂದೆಳೆನೂ ಮನೆಗೆ ತರಲ್ಲ. ಇರೋದ್ರಲ್ಲೇ ಎಲ್ಲ ಮುಗಿಸ್ತೀನಿ, ನೋಡ್ತಿರಿ!"

ಗುಂಡ್ಲುಪೇಟೆಯಲ್ಲಿ ನನ್ನ ನಾದಿನಿ ನಯನಾಳ ಮನೆಗೆ ಮಗು ನೋಡಲು ಹೋದವಳು, ಹುಟ್ಟಿ ಹನ್ನೊಂದು ದಿನವಾಗಿದ್ದ ಆ ಕೂಸಿನ ಮುಂದೆ ನಿಂತು ಈ ಘನಘೋರ ಪ್ರತಿಜ್ಞೆ ಮಾಡಿದೆ. ಮಗುವಿಗೆ ಸ್ವೆಟರ್ ಮತ್ತು ಟೊಪ್ಪಿ, ನಯನಾಳಿಗೆ ಶಾಲು, ಬಾಣಂತನಕ್ಕೆಂದು ಅಲ್ಲೇ ಉಳಿದಿದ್ದ ಅತ್ತೆಗೆ ಕಾಲುಚೀಲ, ನನ್ನ ಗಂಡ ಸೋಮೇಶನಿಗೆ ತೋಳಿಲ್ಲದ ಸ್ವೆಟರ್. ನಾಮಕರಣದ ದಿನ ಐದನ್ನೂ ತಟ್ಟೆಯಲ್ಲಿ ಜೋಡಿಸಿ ತರುವುದಾಗಿ ಹೇಳಿದೆ.

ನಯನಾ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಅತ್ಗೆ, ಐದ್ ಬ್ಯಾಡ ಬುಡಿ, ಒಂದ್ ಮುಗ್ಸಿ ಸಾಕು. ನಮ್ ದೊಡ್ಡವ್ನು ಹುಟ್ಟಿದಾಗ ಟೊಪ್ಪಿ ಶುರು ಮಾಡಿದ್ರಲ್ಲ, ಅದೆಲ್ಲಿಗ್ ಬಂತು? ಅವ್ನೀಗ ಒಂದ್ನೇ ಕ್ಲಾಸು!"

ನಾನು ಸಂತೆಮರಹಳ್ಳಿ ಶಾಲೆಯ ಗಣಿತದ ಮೇಡಂ ಮೀನಾ. ಮಕ್ಕಳು ನನ್ನ ಹೆಸರು ಕೇಳಿದರೆ ಮಗ್ಗಿ ತಾನಾಗಿ ಬಾಯಿಗೆ ಬರುತ್ತದೆ ಎನ್ನುತ್ತಾರೆ. ಇಂಥ ನನಗೆ ಈ ಮಾತೇ! ಅವಮಾನದಿಂದ ಕುದಿಯುತ್ತಾ ಚಾಮರಾಜನಗರದ ಬಸ್ಸು ಹತ್ತಿದೆ.

ನಮ್ಮ ಮನೆಯ ಮಹಡಿ ಮೇಲಿನ ಕೋಣೆಗೆ ಉಣ್ಣೆ ರೂಮು ಎಂದು ಹೆಸರು. ಹಿಮಾಚಲದಿಂದ ಕೊರಿಯರಿನಲ್ಲಿ ತರಿಸಿದ ಬೆಣ್ಣೆಯಂಥ ಬಿಳಿ ಉಣ್ಣೆ, ಹೊಲದಲ್ಲಿ ಕುರಿ ಮಂದೆ ಹಾಕಿದವರನ್ನು ಗೋಗರೆದು ತಂದ ಕರಿ ಉಣ್ಣೆ, ಸಂತೆಮರಹಳ್ಳಿಯಲ್ಲಿ ಗೂಡು ಬಿಚ್ಚಿದ ಮೇಲೆ ಉಳಿಯುವ ರೇಷ್ಮೆ ಚಿಂದಿ, ಹಿಂಜಿದ ಹತ್ತಿ, ಎಲ್ಲವೂ ಚೀಲ ಚೀಲ. ಮಂಚದ ಕೆಳಗೆ ಆರು, ಅಟ್ಟದ ಮೇಲೆ ಒಂಬತ್ತು. "ಈ ಮನೇಲಿ ಉಣ್ಣೋದ್ಕಿಂತ ಉಣ್ಣೆನೇ ಜಾಸ್ತಿ ಕಣಮ್ಮಿ" ಎಂದು ಸೋಮೇಶ ಬಂದವರೆದುರಿಗೆಲ್ಲ ಹೇಳುತ್ತಾನೆ.

ನನಗೆ ಹೆಣೆಯಲು ದಾರ ಬೇಕು, ದಾರಕ್ಕೆ ನೂಲಬೇಕು, ನೂಲಲು ಪುರುಸೊತ್ತು ಬೇಕು. ಪುರುಸೊತ್ತು ಇದ್ದದ್ದು ಬಸ್ಸಿನಲ್ಲಿ ಮಾತ್ರ. ಬುಗುರಿಯ ಹಾಗೆ ತಿರುಗಿಸಿ ನೂಲು ತೆಗೆಯುವ ಒಂದು ಪುಟ್ಟ ತಕಲಿ ನನ್ನ ಬ್ಯಾಗಿನಲ್ಲಿ ಸದಾ ಇರುತ್ತದೆ. ಪ್ರತಿಜ್ಞೆಯ ಮೊದಲ ಸೋಮವಾರವೇ ಅದು ಕೈತಪ್ಪಿ ಬಿದ್ದು, ನೂಲು ಬಿಚ್ಚಿಕೊಳ್ಳುತ್ತಾ ಡ್ರೈವರ್ ಸೀಟಿನ ತನಕ ಉರುಳಿತು. ಕಂಡಕ್ಟರ್ ಎಳೆ ಹಿಡಿದುಕೊಂಡು ಒಂದೊಂದೇ ಸೀಟು ದಾಟಿ ನನ್ನ ಹತ್ತಿರ ಬಂದ. "ಮೇಡಮ್ಮೋರೆ, ಇದ್ಕೂ ಟಿಕೇಟ್ ತಗಂಡಿದ್ದೀರಾ?"

ಸಂಜೆ ಐದೂ ಹೆಣಿಗೆಗಳನ್ನು ಮುಂದೆ ಹರಡಿಕೊಂಡು ಹದಿನೈದು ಹದಿನೈದು ನಿಮಿಷ ಹಂಚುತ್ತಿದ್ದೆ, ಥೇಟ್ ಟೈಮ್‌ಟೇಬಲ್! ಒಂದು ದಿನ ಕಾಲುಚೀಲಕ್ಕೆ ತೋಳು ಬಂತು. ಇನ್ನೊಂದು ದಿನ ಟೊಪ್ಪಿಗೆ ಹಿಮ್ಮಡಿ ಬಂತು. ಬಿಚ್ಚುವಷ್ಟು ತಾಳ್ಮೆ ಇರಲಿಲ್ಲ. ತೊಳೆದರೆ ಸರಿಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಮೂರನೇ ವಾರದಲ್ಲಿ ಆ ವಿಚಿತ್ರ ಶುರುವಾಯಿತು.

ಮಗುವಿನ ಸ್ವೆಟರನ್ನು ಇಪ್ಪತ್ತನಾಲ್ಕನೇ ಸಾಲಿಗೆ ನಿಲ್ಲಿಸಿ ಶಾಲೆಗೆ ಹೋಗಿದ್ದೆ. ಬಂದು ಎಣಿಸಿದರೆ ಮೂವತ್ತೊಂದು! ಮರೆತಿರಬೇಕು ಎಂದುಕೊಂಡೆ. ಮರುದಿನ ಮೊಬೈಲಿನಲ್ಲಿ ಫೋಟೋ ತೆಗೆದು, ಸಾಲು ಎಣಿಸಿ, ಕ್ಯಾಲೆಂಡರಿನ ಮೇಲೆ ಬರೆದು ಹೋದೆ. ಸಂಜೆಗೆ ಎಂಟು ಸಾಲು ಹೆಚ್ಚು. ಕಾಲುಚೀಲಕ್ಕೆ ಹೆಬ್ಬೆರಳಿನ ಜಾಗ ಬಂದಿತ್ತು. ಉಣ್ಣೆ ರೂಮಿನಲ್ಲಿದ್ದ ಇನ್ನೊಂದು ತಕಲಿಗೆ ನಾನು ಸುತ್ತದ ನೂಲು ಸುತ್ತಿಕೊಂಡಿತ್ತು. ಹೆಣಿಗೆಯೋ, ಮುತ್ತು ಪೋಣಿಸಿದ ಹಾಗೆ! ಕೈ ಪಳಗುತ್ತಿದೆ ಎಂದು ಒಂದು ಕ್ಷಣ ಹಿಗ್ಗಿದೆ, ಇನ್ನೊಂದು ಫೋಟೋ ತೆಗೆದು ನಯನಾಳಿಗೂ ಕಳಿಸಿದೆ. ಆದರೆ ನಾನು ಮನೆಯಲ್ಲಿ ಇಲ್ಲದಾಗ ನನ್ನ ಕೈ ಹೇಗೆ ಪಳಗೀತು?

ಸೋಮೇಶನನ್ನು ಹಿಡಿದು ಕೂರಿಸಿದೆ.

"ನಮ್ಮನೇಲಿ ಯಾರೋ ಕೈಯಾಡಿಸ್ತಿದ್ದಾರೆ."

"ಏನ್ ಕಳ್ಳತನ ಆಗದೆ?"

"ಕಳ್ಳತನ ಅಲ್ಲ. ಜಾಸ್ತಿ ಆಗಿದೆ!"

"ಓಗನ ಸ್ಟೇಷನ್ನಿಗೆ? 'ಸಾರ್, ಕಳ್ಳ ನುಗ್ಗಿ ಎಂಟ್ ಸಾಲು ಹೆಣೆದ್ಬುಟ್ಟು ಓಗವ್ನೆ, ಹಿಡ್ಕೊಡಿ' ಅಂತ ಬರ್ಕೊಡ್ಲಾ?"

ಪಕ್ಕದಲ್ಲಿ ಮುದ್ದೆ ಮುರಿಯುತ್ತಿದ್ದ ಮಾವ ಚಿಕ್ಕಮಲ್ಲಪ್ಪನವರು ತಲೆ ಎತ್ತದೆ, "ಒಳ್ಳೇದೇ ಆಗದಲ್ಲ ಕಣವ್ವ, ಸುಮ್ಕಿರು" ಎಂದರು. ಅರಿಶಿನ ಮಂಡಿಯಲ್ಲಿ ನಲವತ್ತು ವರ್ಷ ಗದ್ದಿಗೆ ಮೇಲೆ ಕೂತು ಗುಡುಗಿದ ಮನುಷ್ಯ. ಹೋದ ವರ್ಷ ಮಂಡಿಯನ್ನು ಮಗನಿಗೆ ವಹಿಸಿದ ಮೇಲೆ ಮಾತು ಕಡಿಮೆಯಾಗಿತ್ತು. ಹಗಲು ಮನೆಯಲ್ಲಿರುತ್ತಿದ್ದವರು ಅವರು ಮತ್ತು ಮನೆಗೆಲಸದ ಮರಿತಾಯಮ್ಮ, ಇಬ್ಬರೇ. ಆ ಮೀಸೆಯ ಮೇಲೆ ಅನುಮಾನ ಪಡುವ ಧೈರ್ಯ ಯಾರಿಗಿದೆ? ಹಾಗಾಗಿ ನನ್ನ ಅನುಮಾನ ಮಿಕ್ಕ ಎಲ್ಲರ ಮೇಲೂ ಸಮನಾಗಿ ಹರಿಯಿತು.

ಶುಕ್ರವಾರ ಬಲೆ ಬೀಸಿದೆ. ಹೆಣಿಗೆ ಕಡ್ಡಿಗಳಿಗೆಲ್ಲ ನುಣ್ಣನೆಯ ಅರಿಶಿನದ ಪುಡಿ ಸವರಿ ಶಾಲೆಗೆ ಹೊರಟೆ. ಮುಟ್ಟಿದವರ ಕೈ ಹಳದಿ! ಪತ್ತೇದಾರರಿಗೂ ಹೊಳೆಯದ ಉಪಾಯ!

ಸಂಜೆ ಎಲ್ಲರನ್ನೂ ಹಜಾರಕ್ಕೆ ಕರೆದೆ. "ಕೈ ತೋರ್ಸಿ!"

ಮಂಡಿಯಿಂದ ಬಂದಿದ್ದ ಸೋಮೇಶನ ಕೈ ಮೊಣಕೈವರೆಗೂ ಹಳದಿ. ಹಿತ್ತಲಲ್ಲಿ ಒಣಗಲು ಹಾಕಿದ್ದ ಅರಿಶಿನದ ಕೊಂಬು ತಿರುವಿ ಹಾಕಿದ್ದ ಮಾವನ ಕೈ ಹಳದಿ. ಹೊಸ್ತಿಲಿಗೆ ಅರಿಶಿನ ಬಳಿದಿದ್ದ ಮರಿತಾಯಮ್ಮನ ಕೈ ಹಳದಿ. ಪುಡಿ ಸವರಿದ ನನ್ನ ಕೈ ಎಲ್ಲರಿಗಿಂತ ಹಳದಿ!

"ಅರಿಶಿನ ಮಂಡಿಯವ್ರ ಮನೇಲಿ ಅರಿಶಿನದ ಬಲೆ!" ಸೋಮೇಶ ಸೋಫಾದಿಂದ ಜಾರಿ ನೆಲದ ಮೇಲೆ ಕೂತು ನಕ್ಕ. "ಮೀನಾ, ಚಾಮರಾಜನಗರನೇ ಅರೆಸ್ಟ್ ಮಾಡ್ಬೇಕಾಯ್ತದೆ ಕಣೆ!"

ಬೆಣ್ಣೆ ಬಣ್ಣದ ಟೊಪ್ಪಿಯೂ ಮದುಮಗನ ಹಾಗೆ ಅರಿಶಿನ ಹಚ್ಚಿಕೊಂಡು ಕೂತಿತ್ತು. ಎಷ್ಟು ಒಗೆದರೂ ಹೋಗಲಿಲ್ಲ.

ಆದರೆ ನಗು ನಿಂತ ಮೇಲೂ ನನ್ನ ಅನುಮಾನ ನಿಲ್ಲಲಿಲ್ಲ. ಈಗ ಅದು ಮರಿತಾಯಮ್ಮನ ಮೇಲೆ ಕೂತಿತು. ಕಾರಣಗಳಿದ್ದವು. ನಾನು ಒಂದು ದಿನ ಬೇಗ ಬಂದಾಗ ಅವಳು ಮಹಡಿ ಮೆಟ್ಟಿಲ ಕೆಳಗೆ ಪೊರಕೆ ಹಿಡಿದು ಸುಮ್ಮನೆ ನಿಂತಿದ್ದಳು. ನನ್ನನ್ನು ಕಂಡದ್ದೇ ಊರಿಗೆಲ್ಲ ಕೇಳುವಂತೆ ಕೆಮ್ಮಿದಳು. ಮತ್ತೊಂದು ದಿನವೂ ಅದೇ ಜಾಗ, ಅದೇ ಪೊರಕೆ, ಅದೇ ಕೆಮ್ಮು. ಮೂರನೇ ದಿನ ಅವಳ ಸೆರಗಿನ ಮೇಲೆ ಬಿಳಿ ಉಣ್ಣೆಯ ಎಳೆ ಕಂಡಿತು. ಒಂದೂ ಒಂದೂ ಎರಡು! ನಾನು ಗಣಿತದ ಮೇಡಂ ಅಲ್ಲವೇ?

"ಮರಿತಾಯಮ್ಮ, ನಿಜ ಹೇಳು. ನನ್ನ ಹೆಣಿಗೆ ಮುಟ್ಟಿದ್ದು ನೀನೇ ತಾನೇ?"

"ನಾನ್ಯಾಕ್ ಮುಟ್ಟನೆ ಮೇಡಮ್ಮೋರೆ?"

"ಮತ್ತೆ ಸೆರಗಲ್ಲಿ ಉಣ್ಣೆ ಹೇಗೆ ಬಂತು? ನನ್ನ ಕಂಡ್ರೆ ಕೆಮ್ಮು ಯಾಕೆ ಬರುತ್ತೆ? ನಾನಿಲ್ಲದಾಗ ನನ್ನ ರೂಮಲ್ಲಿ ಏನು ಕೆಲ್ಸ ನಿಂಗೆ?"

ಅವಳು ಕೈಯಲ್ಲಿದ್ದ ಪೊರಕೆಯನ್ನು ಮೂಲೆಗೆ ಒರಗಿಸಿದಳು. ಕೂಗಾಡಲಿಲ್ಲ.

"ಇಪ್ಪತ್ತೊರ್ಸ ಆಯ್ತು ಈ ಮನೆಗ್ ಬಂದು. ಒಂದ್ ಚಮಚ ಆಚೆ ಈಚೆ ಆಗಿಲ್ಲ. ನಾ ಬಾಯ್ ಬುಟ್ರೆ ಒಬ್ರ ಮನ್ಸು ನೋಯ್ತದೆ. ಅದ್ಕೆ ನಾನೇ ಓಯ್ತೀನಿ ಬುಡಿ."

ಸೆರಗು ಕೊಡವಿ ಹರದನಹಳ್ಳಿಯ ಬಸ್ಸು ಹತ್ತಿದಳು. ಮನೆಯವರಿಗೆ, ಊರಲ್ಲಿ ಏನೋ ಕೆಲಸವಂತೆ ಎಂದು ನಾನು ಸುಳ್ಳು ಹೇಳಿದೆ. ತಲೆಯೊಳಗೆ ಮಾತ್ರ ಇನ್ನೊಂದು ಗಂಟು ಬಿತ್ತು. ಒಬ್ಬರ ಮನಸ್ಸು ಎಂದಳಲ್ಲ, ಯಾರವರು?

ಮುಂದಿನ ಮೂರು ದಿನ ಯಾವ ಹೆಣಿಗೆಯೂ ಒಂದು ಕುಣಿಕೆ ಬೆಳೆಯಲಿಲ್ಲ. ಸಿಕ್ಕಿಬಿದ್ದಳು ಎಂದು ಬೀಗಿದೆ. ಆದರೆ ಪಾತ್ರೆ ತೊಳೆದು, ಬಟ್ಟೆ ಒಗೆದು, ಅಂಗಳ ಗುಡಿಸಿ ಕೂರುವಷ್ಟರಲ್ಲಿ ನನ್ನ ಕೈಯಿಂದಲೂ ಒಂದು ಕುಣಿಕೆ ಬೆಳೆಯಲಿಲ್ಲ. ಮಾವ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದರು. ನನ್ನ ಅಡುಗೆಯ ದೋಷವೆಂದುಕೊಂಡೆ. ನಾಮಕರಣಕ್ಕೆ ಉಳಿದದ್ದು ಒಂಬತ್ತು ದಿನ.

ಶನಿವಾರ ಅರ್ಧ ದಿನದ ಶಾಲೆ. ಮಧ್ಯಾಹ್ನ ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮಹಡಿಯಿಂದ ಒಂದು ಹೆಂಗಸಿನ ದನಿ ಕೇಳಿತು. ಅದೂ ಹಿಂದಿಯಲ್ಲಿ!

ಅತ್ತೆ ಗುಂಡ್ಲುಪೇಟೆಯಲ್ಲಿ, ಗಂಡ ಮಂಡಿಯಲ್ಲಿ, ಮರಿತಾಯಮ್ಮ ಹರದನಹಳ್ಳಿಯಲ್ಲಿ. ಮನೆಯಲ್ಲಿ ಇರುವುದು ಎಪ್ಪತ್ತಾರು ವರ್ಷದ ಮಾವ ಒಬ್ಬರೇ. ಅಂದಮೇಲೆ ಈ ಹಿಂದಿ ಹೆಂಗಸು ಯಾರು? ಎಷ್ಟು ದಿನದಿಂದ ಬರುತ್ತಿದ್ದಾಳೆ? ಮರಿತಾಯಮ್ಮ ಕಾಯುತ್ತಿದ್ದುದು ಇವಳನ್ನೋ? ಶಿವಶಿವಾ, ಅತ್ತೆಗೆ ನಾನು ಯಾವ ಮುಖ ಹೊತ್ತು ಹೇಳಲಿ!

ಕೊಡೆಯನ್ನು ಖಡ್ಗದಂತೆ ಹಿಡಿದು ಮೆಟ್ಟಿಲು ಹತ್ತಿದೆ. ಉಣ್ಣೆ ರೂಮಿನ ಬಾಗಿಲನ್ನು ಒದ್ದೇಬಿಟ್ಟೆ.

ಕಿಟಕಿ ಬೆಳಕಿಗೆ ಬೆನ್ನು ಕೊಟ್ಟು ಮಾವ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಮೂಗಿನ ತುದಿಯಲ್ಲಿ ಕನ್ನಡಕ. ಎದುರಿಗೆ ಚೊಂಬಿಗೆ ಒರಗಿಸಿದ ಮೊಬೈಲು. ಅದರೊಳಗೆ ಯಾವಳೋ ಹಿಮಾಚಲದ ಹೆಂಗಸು ಹಿಂದಿಯಲ್ಲಿ ಹೆಣಿಗೆಯ ಪಾಠ ಹೇಳುತ್ತಿದ್ದಳು. ಮಾವನ ದಪ್ಪ ಹಳದಿ ಬೆರಳುಗಳ ನಡುವೆ ಮಗುವಿನ ಸ್ವೆಟರಿನ ಎಡತೋಳು ಸರಸರನೆ ಇಳಿಯುತ್ತಿತ್ತು!

ನಾನು ಕೊಡೆ ಇಳಿಸಿದೆ. ಅವರು ಕಡ್ಡಿ ಇಳಿಸಲಿಲ್ಲ.

"ಇರವ್ವ, ಈ ಸಾಲು ಮುಗ್ದೋಗ್ಲಿ. ನಡುವೆ ಬುಟ್ರೆ ಕುಣಿಕೆ ಜಾರ್ತದೆ."

ಸಾಲು ಮುಗಿಯುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ, ತಡವಾಗಿ ಬಂದ ವಿದ್ಯಾರ್ಥಿಯ ಹಾಗೆ.

"ಮಾವ, ನಿಮಗೆ ಹಿಂದಿ ಬರುತ್ತಾ?"

"ಎಲ್ ಬಂದದು! ಅವ್ಳ ಬಾಯಿ ಅರ್ಥಾಗಲ್ಲ. ಕೈ ಅರ್ಥಾಯ್ತದೆ."

"ನೂಲೋದು?"

"ನಮ್ ಕಾಲದ ಇಸ್ಕೂಲ್ನಲ್ಲಿ ತಕಲಿ ಒಂದ್ ಪಾಠವೇ ಕಣವ್ವ. ಎಳೆ ಕಿತ್ರೆ ಮೇಷ್ಟ್ರು ಗಿಣ್ಣಿಗೆ ಬಾರ್ಸೋರು." ಸ್ವೆಟರಿನ ತೋಳನ್ನು ಚಾಪೆಯ ಮೇಲೆ ಹರಡಿ ಸವರಿದರು. "ನಲವತ್ತೊರ್ಸ ಕೊಂಬು ಮುರ್ದು ನೋಡಿ, ತೂಕ ಹಿಡ್ದು ಅಭ್ಯಾಸ ಆದ ಕೈ. ಮಂಡಿ ಬುಟ್ಟ ಮ್ಯಾಲೆ ಮಡಿಲಲ್ಲಿ ಸುಮ್ನೆ ಬಿದ್ದಿರ್ತಿದ್ವು. ನಿನ್ ಚೀಲ ಬಿಚ್ಚಿ ಒಂದಿಷ್ಟು ಉಣ್ಣೆ ಹಿಡ್ದೆ ನೋಡು, ಅವತ್ತು ಮಧ್ಯಾಹ್ನ ಹೆಂಗ್ ಕಳೀತೋ ಗೊತ್ತಾಗ್ಲಿಲ್ಲ."

ಒಂದು ತಿಂಗಳಿಂದ ಮನೆಯ ಒಂದೊಂದು ಕುಣಿಕೆ ಎಣಿಸಿದವಳು ನಾನು. ಈ ಮನುಷ್ಯ ಮಧ್ಯಾಹ್ನವನ್ನು ಹೇಗೆ ಕಳೆಯುತ್ತಾರೆ ಎಂದು ಒಂದು ದಿನವೂ ಕೇಳಿರಲಿಲ್ಲ.

"ಮರಿತಾಯಿ ಇದ್ದಿದ್ರೆ ಇವತ್ ಸಿಕ್ ಬೀಳ್ತಿರ್ಲಿಲ್ಲ" ಎಂದು ಮೀಸೆಯೊಳಗೇ ನಕ್ಕರು. "ಬಾಗ್ಲು ಕಾಯೋಳು ಅವ್ಳೇಯ. ನೀ ಬಂದ್ರೆ ಕೆಮ್ಮೋಳು. ಅವ್ಳಿಲ್ದೆ ಮೂರ್ ದಿನ ತಡ್ಕೊಂಡೆ, ಇವತ್ ಆಗ್ಲಿಲ್ಲ. ಅವ್ಳ ಊರ್ ಕೆಲ್ಸ ಇನ್ನೂ ಮುಗೀಲಿಲ್ವಾ?"

ಅಯ್ಯೋ, ಮುಗಿಯಿತು ನನ್ನ ಕಥೆ! ಸತ್ಯವನ್ನು ಎಳೆ ಎಳೆಯಾಗಿ ಬಿಚ್ಚಬೇಕಾಯಿತು. ಮಾವನ ಮುಖದಿಂದ ನಗು ಇಳಿಯಿತು. ಗದರಲಿಲ್ಲ. ಗದರಿದ್ದರೆ ಹಗುರವಾಗುತ್ತಿತ್ತು.

"ಓಗಿ ಕರ್ಕೊಂಡ್ ಬಾ" ಎಂದಷ್ಟೇ ಹೇಳಿ ಕಡ್ಡಿ ಕೆಳಗಿಟ್ಟರು.

ಸ್ಕೂಟರ್ ಹತ್ತಿ ಹರದನಹಳ್ಳಿಗೆ ಹೋದೆ. ಮರಿತಾಯಮ್ಮ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. ನನ್ನನ್ನು ನೋಡಿಯೂ ಮೊರ ನಿಲ್ಲಿಸಲಿಲ್ಲ.

"ತಪ್ಪಾಯ್ತು ಮರಿತಾಯಮ್ಮ. ಮಾವ ಎಲ್ಲ ಹೇಳಿದ್ರು."

ಮೊರ ನಿಂತಿತು. "ಎಲ್ಲಾನೂ ಯೋಳ್ಬುಟ್ರಾ?"

"ಹೂಂ. ಎಲ್ಲಾನೂ. ನನ್ನ ಮಾತಿಗೆ ಬೇಜಾರಾಗಿ ಹೋದ್ಯಲ್ಲ, ನಿನ್ನ ಕಾಲಿಗೆ ಬೀಳ್ಲಾ?"

"ಬ್ಯಾಡ ಬುಡಿ, ಹುರುಳಿ ಚೆಲ್ಲೋಯ್ತದೆ." ಅವಳ ಮುಖ ಸಡಿಲವಾಯಿತು. ಒಳಗೆ ಹೋಗಿ ಮಜ್ಜಿಗೆ ತಂದು ಕೊಟ್ಟಳು.

ಕ್ಷಮೆ ಸಿಕ್ಕಿದ ಕೂಡಲೇ ನನ್ನ ಹಮ್ಮು ನಿಧಾನವಾಗಿ ತಲೆ ಎತ್ತಿತು. "ಏನೇ ಅನ್ನು, ಐದನ್ನೂ ಶುರು ಮಾಡಿದ್ದು ನಾನು. ಮಾವ ಮುಂದಕ್ಕೆ ಹೆಣೆದ್ರು ಅಷ್ಟೇ. ಅರ್ಧ ನಂದು, ಅರ್ಧ ಅವರದು. ನಾಮಕರಣದಲ್ಲಿ ಹಾಗೇ ಹೇಳ್ತೀನಿ."

ಮರಿತಾಯಮ್ಮ ನನ್ನನ್ನು ಕನಿಕರದಿಂದ ನೋಡಿದಳು.

"ಅಂಗಾದ್ರೆ ಎಲ್ಲಾ ಯೋಳಿಲ್ಲ ಕಣ ಯಜಮಾನ್ರು."

"ಇನ್ನೇನಿದೆ?"

"ಅದ್ರಲ್ಲಿ ನಿಮ್ದು ಒಂದ್ ಕುಣಿಕೆನೂ ಇಲ್ಲ ಕಣ್ ಮೇಡಮ್ಮೋರೆ! ದಿನಕ್ಕೊಂದ್ರಂಗೆ ಐದನ್ನೂ ಪೂರ್ತಿ ಬಿಚ್ಚಾಕಿ ಬುಡದಿಂದ ಹೆಣೆಯೋಕ್ ಇಡ್ಕೊಂಡ್ರು. ಆಮೇಕೆ ದಿನಾ ಬೆಳಿಗ್ಗೆ ನೀವ್ ಅತ್ಲಾಗ್ ಓದೇಟ್ಗೆ, ಸಂದೆ ನೀವ್ ಹೆಣೆದಿದ್ದಷ್ಟನ್ನೂ ಬಿಚ್ಚೋರು. ಆ ದಾರ ಉಂಡೆ ಸುತ್ಕೊಡೋಳು ನಾನೇಯ. ಸೆರಗ್ಗೆ ಉಣ್ಣೆ ಎಲ್ಲಿಂದ ಬಂತು ಅಂದ್ಕೊಂಡ್ರಿ?"

ಮಜ್ಜಿಗೆ ನೆತ್ತಿಗೇರಿತು. "ಮತ್ತೆ... ಬಾಗಿಲು ಕಾದಿದ್ದು ಅವರ ಮರ್ಯಾದೆಗಲ್ವಾ? ಮಂಡಿಯವರು ನಗ್ತಾರೆ ಅಂತ?"

"ಅವ್ರಿಗ್ಯಾಕ್ ನಾಚ್ಕೆ! 'ಪಾಪ, ಹೆಣ್ಮಗ ದಣ್ಕೊಂಡ್ ಬಂದು ಆಸೆಯಿಂದ ಹೆಣೀತದೆ, ಬಿಚ್ಚೋದ್ ಕಂಡ್ರೆ ನೊಂದ್ಕೋತದೆ, ನೋಡ್ಕೊಳೆ ಮರಿತಾಯಿ' ಅನ್ನೋರು. ಅದ್ಕೆ ನಾನು ಬಾಯ್ ಬುಡ್ದೆ ಬಂದಿದ್ದು."

ನಾನು ಲೋಟ ಕೆಳಗಿಟ್ಟು ಸ್ಕೂಟರ್ ಸ್ಟಾರ್ಟ್ ಮಾಡಿದೆ. ಮರಿತಾಯಮ್ಮ ಸೆರಗು ಸಿಕ್ಕಿಸಿಕೊಂಡು ಹಿಂದೆ ಕೂತಳು. ಊರು ದಾಟಿದ ಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಗಿದಳು.

"ಬೇಜಾರ್ ಮಾಡ್ಕೊಂಡು ಹೆಣೆಯೋದ್ ನಿಲ್ಲಿಸ್ಬ್ಯಾಡಿ ಮೇಡಮ್ಮೋರೆ. ಒಂದಿಷ್ಟು ಸಡ್ಲವಾಗಿ ಹೆಣೀರಿ ಸಾಕು, ಬಿಚ್ಚೋವಾಗ ಯಜಮಾನ್ರಿಗೆ ಬೆರಳು ನೋಯ್ತದೆ!"