ಹದಿನಾರು ಮೈಕಿನ ಮಿಕ್ಸರೂ ನನ್ನ ತಾಳವೂ

ಮಿಕ್ಸರ್ ಆರಿಸುವುದು ನನಗೊಂದು ಕೆಲಸವೇ ಅಲ್ಲ ಎಂದು ನಂಬಿದ್ದೆ. ಹಿಂದೂಪುರದಲ್ಲಿ ಮೂವತ್ತು ವರ್ಷ ಸೀರೆ ಅಂಗಡಿ ನಡೆಸಿದವನು ನಾನು. ಸೆರಗು ಮುಟ್ಟಿ ನೂಲಿನ ಜಾತಕ ಹೇಳುವವನು ಮಿಕ್ಸರಿಗೆ ಮೋಸಹೋಗುತ್ತಾನೆಯೇ!

ಅದನ್ನು ಕೊಳ್ಳುವ ಅವಸರಕ್ಕೆ ಕಾರಣ ನಮ್ಮ ಚಿಕ್ಕಪ್ಪನ ಹಲ್ಲು. ಕಲ್ಯಾಣದುರ್ಗದಲ್ಲಿ ಅವರದೊಂದು ಮದುವೆ ಬ್ಯಾಂಡ್ ಇತ್ತು. ಅವರು ಕ್ಲಾರಿನೆಟ್, ಮೀಸೆ ಚಿಗುರುವ ವಯಸ್ಸಿನ ನಾನು ತಾಳ. ಕುಂದುರ್ಪಿಯ ಬೀದಿಯಲ್ಲಿ ಮೆರವಣಿಗೆ ಹೋಗುವಾಗ ಪ್ರತಿ ಸಾಲಿನ ಕೊನೆಗೂ ಚಿಕ್ಕಪ್ಪ ಒಂದು ಸ್ವರವನ್ನು ಎಳೆದು ಎಳೆದು ನಿಲ್ಲಿಸುತ್ತಿದ್ದರು. ಮದುಮಗ ಕೂಡ ಮದುಮಗಳನ್ನು ಮರೆತು ಕಣ್ಣು ಮುಚ್ಚುತ್ತಿದ್ದ. ಆ ಎಳೆತ ನೆನೆದರೆ ಈಗಲೂ ನನ್ನ ಕಣ್ಣು ತಾನಾಗಿ ಮುಚ್ಚುತ್ತದೆ. ಸೋಮವಾರ ಡಾಕ್ಟರು ಅವರ ಮುಂದಿನ ಹಲ್ಲುಗಳನ್ನು ಕೀಳುವವರಿದ್ದರು. ಕಟ್ಟಿಸಿದ ಹಲ್ಲಿನಲ್ಲಿ ಊದಲಾರೆ ಎಂದು ಚಿಕ್ಕಪ್ಪ ಹೇಳಿಬಿಟ್ಟಿದ್ದರು. ರೆಕಾರ್ಡ್ ಮಾಡಲು ಉಳಿದದ್ದು ಒಂದೇ ಭಾನುವಾರ.

ಮೈಕಿನ ಅಂಗಡಿಯಲ್ಲಿ ಎರಡು ಮಿಕ್ಸರ್ ಇದ್ದವು. ಚಿಕ್ಕದಕ್ಕೆ ಎಂಟೇ ಮೈಕು, ದೊಡ್ಡದಕ್ಕೆ ಹದಿನಾರು. “ಅನ್ನಾ, ವೇರುವೇರುಗಾ ಕಾವಾಲಾ, ಅಂತಾ ಕಲಿಪಿ ಕಾವಾಲಾ?” ಎಂದ ಅಂಗಡಿಯವನು, ಬೇರೆ ಬೇರೆ ಬೇಕೋ ಎಲ್ಲ ಕೂಡಿಸಿ ಬೇಕೋ ಎಂದು ತೆಲುಗಿನಲ್ಲಿ. ಚಿಕ್ಕದು ಒಬ್ಬೊಬ್ಬರದನ್ನೂ ಬೇರೆ ಬೇರೆ ಹಿಡಿಯುತ್ತದಂತೆ, ಬೇಡವಾದವರ ಸದ್ದನ್ನು ಆಮೇಲೆ ತೆಗೆಯಬಹುದಂತೆ. ದೊಡ್ಡದು ಎಲ್ಲವನ್ನೂ ಕೂಡಿಸಿಯೇ ಕಂಪ್ಯೂಟರಿಗೆ ಕಳಿಸುತ್ತದಂತೆ.

ನನಗೆ ರೇಗಿತು. ನಮ್ಮದು ಒಂದೇ ಎಲೆಯಲ್ಲಿ ಉಂಡ ಬ್ಯಾಂಡ್. “ತೆಗ್ದು ಹಾಕೋ ಅಂಥೋರು ನಮ್ಮಲ್ಲಿ ಯಾರೂ ಇಲ್ಲ ಕಣಪ್ಪ” ಎಂದು ದೊಡ್ಡದನ್ನೇ ಕಟ್ಟಿಸಿದೆ. ತಿಳಿದವರನ್ನು ಒಂದು ಮಾತು ಕೇಳಿ ಎಂದು ಹೆಂಡತಿ ಪಾರ್ವತಿ ಹೇಳಿದ್ದಳು. ತಿಳಿದವನು ನಾನೇ ಆದ್ದರಿಂದ ಬೇರೆಯವರನ್ನು ಕೇಳಲಿಲ್ಲ.

ಭಾನುವಾರ ಮೈಕು, ಕಂಪ್ಯೂಟರ್ ಚೀಲಕ್ಕೆ ತುಂಬಿ, ಮಿಕ್ಸರನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಲ್ಯಾಣದುರ್ಗದ ಬಸ್ಸು ಹತ್ತಿದೆ. ಹಳೆಯ ಏಳು ಮಂದಿ ಚಿಕ್ಕಪ್ಪನ ಮನೆಯಲ್ಲಿ ಸೇರಿದರು. ಜೀವನವಿಡೀ ನಡೆಯುತ್ತಲೇ ನುಡಿಸಿದವರು, ಪಾಪ. ಮೈಕು ಹೊಂದಿಸಿ ಶುರು ಮಾಡಿ ಎಂದೆ. ಪಲ್ಲವಿ ಮುಗಿಯುವುದರೊಳಗೆ ಕುರ್ಚಿ ಬಿಟ್ಟು, ಮೈಕು ಬಿಟ್ಟು, ಹೊಸಿಲು ದಾಟಿ ಬೀದಿಗಿಳಿದಿದ್ದರು! ಕರೆತಂದು ಬಾಗಿಲಿಗೆ ಚಿಲಕ ಹಾಕಿದೆ. ಆಗ ನಿಂತಲ್ಲೇ ಹೆಜ್ಜೆ ಹಾಕುತ್ತ ನುಡಿಸಿದರು. ಚಿಕ್ಕಪ್ಪ ಇದ್ದಬದ್ದ ಉಸಿರನ್ನೆಲ್ಲ ಕೂಡಿಸಿ ಊದಿದರು. ನನಗೂ ತಡೆಯಲಾಗಲಿಲ್ಲ. ಹಳೆಯ ತಾಳ ಹಿಡಿದು, ಮುಂದೆ ಒಂದು ಮೈಕು ಇಟ್ಟುಕೊಂಡೆ. ಹದಿನಾರು ಹಾಕಬಹುದಿತ್ತಲ್ಲ!

ಬುಧವಾರ, ಹಲ್ಲು ಕೀಳಿಸಿಕೊಂಡು ಮಲಗಿದ್ದ ಚಿಕ್ಕಪ್ಪನ ಮುಂದೆ ಪಾರ್ವತಿ ಕಂಪ್ಯೂಟರ್ ತೆರೆದಳು. ಕ್ಲಾರಿನೆಟ್ ಜೇನಿನಂತೆ ಇಳಿಯಿತು. ಅದರ ಹಿಂದೆಯೇ, ಪ್ರತಿ ಸಲವೂ ಒಂದು ಗಳಿಗೆ ತಡವಾಗಿ, ಝಣ್!

“ಏನ್ರೀ, ಆ ತಾಳ ಒಂದನ್ನ ತೆಗಿಯಾಕೆ ಆಗಕಿಲ್ವಾ?” ಎಂದಳು ಪಾರ್ವತಿ.

ಆಗುವುದಿಲ್ಲ. ಕೂಡಿಸಿ ಕೊಡುವುದನ್ನೇ ನಾನು ಎದೆಯುಬ್ಬಿಸಿ ಕೇಳಿ ತಂದಿದ್ದೆ. ಇನ್ನೊಮ್ಮೆ ಊದಿ ಎನ್ನಲು ಹಲ್ಲೂ ಇರಲಿಲ್ಲ. ಚಿಕ್ಕಪ್ಪನ ಕೊನೆಯ ಹಾಡನ್ನು ನನ್ನ ಕೈಯಾರೆ ಕೆಡಿಸಿದೆನಲ್ಲ ಎಂದು ಅಳು ಬಂತು.

ಚಿಕ್ಕಪ್ಪ ಬೊಚ್ಚು ಬಾಯಲ್ಲಿ ನಕ್ಕರು. “ಬುಡ್ಲಾ, ಆಗ್ಲೂ ನಿನ್ನ ತಾಳ ತಡವಾಗೇ ಬತ್ತಿತ್ತು. ನೀನು ಬರೋಗಂಟ ನಾನು ಸ್ವರ ಎಳ್ಕಂಡು ನಿಂತಿರ್ತಿದ್ದೆ ಕಣ್ಲಾ.”

ಆ ಎಳೆತವನ್ನೇ ನಾನು ಮೂವತ್ತು ವರ್ಷ, ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ, ಕ್ಲಾರಿನೆಟ್ ವಿದ್ಯೆಯ ಪರಮಾವಧಿ ಎಂದು ವಿವರಿಸಿ ಹೇಳಿದ್ದೇನೆ.